ಮೂರು ದಿನದ ಕುದುರೆ ಮರಿಗೆ ಹೊಕ್ಕುಳು ಒದ್ದೆ, ಪದೇ ಪದೇ ತಿಣುಕಾಟ: ಇದು ಹುಟ್ಟಿನಿಂದ ಬಂದ ಮೂತ್ರಾಂಗದ ದೋಷವೇ?

ಪ್ರಶ್ನೆ (ಹೊಳಲ್ಕೆರೆಯಿಂದ)

ಮಾನ್ಯರೇ,

ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ನಮ್ಮ ಊರಿನಲ್ಲಿ, ಮದುವೆ ಮೆರವಣಿಗೆಗೂ ಜಾತ್ರೆಗೂ ಕಳಿಸುವ ಎರಡು ಹೆಣ್ಣು ಕುದುರೆಗಳನ್ನು ಸಾಕಿಕೊಂಡಿದ್ದೇವೆ. ಅವುಗಳಲ್ಲಿ ಹಿರಿಯದು ಭಾನುವಾರ ಬೆಳಗಿನ ಜಾವ ಗಂಡು ಮರಿ ಹಾಕಿದೆ. ಮರಿ ಒಂದು ಗಂಟೆಯೊಳಗೆ ಎದ್ದು ನಿಂತು, ಬೆಳಕು ಹರಿಯುವ ಹೊತ್ತಿಗೆ ಗಿಣ್ಣು ಹಾಲು ಕುಡಿದಿತ್ತು. ಮಾಸು ಕೂಡ ಅಂದು ಬೆಳಿಗ್ಗೆಯೇ ಪೂರ್ತಿ ಬಿದ್ದಿತು.

ಮೊದಲ ದಿನದಿಂದಲೂ ಮರಿಯ ಹೊಕ್ಕುಳಿನ ತುದಿ ಒದ್ದೆಯಾಗಿಯೇ ಇದೆ. ಸುತ್ತಲಿನ ಕೂದಲು ಅಂಟಿಕೊಂಡು, ಹತ್ತಿರ ಹೋದರೆ ಮೂತ್ರದ ವಾಸನೆ ಬರುತ್ತದೆ. ಮರಿ ಮೂತ್ರ ಮಾಡುವಾಗ ಸರಿಯಾದ ಜಾಗದಿಂದಲೂ ಧಾರೆ ಬರುತ್ತದೆ, ಅದೇ ಹೊತ್ತಿಗೆ ಹೊಕ್ಕುಳಿನಿಂದಲೂ ತೊಟ್ಟಿಕ್ಕುತ್ತದೆ. ನಿನ್ನೆ ಸಂಜೆಯಿಂದ ಅದು ಮೇಲಿಂದ ಮೇಲೆ ಬಾಲವೆತ್ತಿ ತಿಣುಕುತ್ತಿದೆ. ಇಂದು ಬೆಳಿಗ್ಗೆ ತಾಯಿಯ ಕೆಚ್ಚಲು ಬಿಗಿದುಕೊಂಡಿತ್ತು, ಮರಿಯ ಹಣೆಯ ಮೇಲೆ ಹಾಲಿನ ಕಲೆಯಿತ್ತು. ಅಂದರೆ ಕೆಚ್ಚಲ ಬಳಿ ಹೋಗುತ್ತಿದೆ, ಆದರೆ ಮೊದಲಿನಂತೆ ಕುಡಿಯುತ್ತಿಲ್ಲವೆಂದು ನನಗೆ ತೋರುತ್ತದೆ.

ಮನೆಯ ಹಿರಿಯರು ಹೊಕ್ಕುಳಿಗೆ ದಾರ ಕಟ್ಟಿದರೆ ನಿಲ್ಲುತ್ತದೆ ಎನ್ನುತ್ತಾರೆ, ಪಕ್ಕದ ಊರಿನವರೊಬ್ಬರು ಕಾಯಿಸಿದ ಕಬ್ಬಿಣದಿಂದ ಸುಡಬೇಕು ಎನ್ನುತ್ತಾರೆ. ನಮ್ಮ ಪಶು ಆಸ್ಪತ್ರೆಯ ಡಾಕ್ಟರು ಮಧ್ಯಾಹ್ನ ಬರುವುದಾಗಿ ಹೇಳಿದ್ದಾರೆ. ಆದರೆ ತಾವು ಹೆಚ್ಚಾಗಿ ನೋಡಿರುವುದು ಎಮ್ಮೆ, ದನ, ಕುರಿಗಳನ್ನು ಎಂದು ಅವರೇ ಮುಕ್ತವಾಗಿ ಹೇಳಿದರು. ಹೊಕ್ಕುಳಿನ ಸೋರಿಕೆ ತಾನಾಗಿ ನಿಲ್ಲುವಂಥದ್ದೇ, ಅಥವಾ ಒಳಗೆ ಮೂತ್ರಕೋಶದಲ್ಲೋ ಮೂತ್ರಪಿಂಡದಲ್ಲೋ ಹುಟ್ಟುದೋಷ ಇರಬಹುದೇ? ಅದನ್ನು ಕಂಡುಹಿಡಿಯಲು ನಮ್ಮ ಭಾಗದಲ್ಲಿ ಯಾವ ಪರೀಕ್ಷೆಗಳನ್ನು ಮಾಡಿಸಬಹುದು? ಈಗಲೇ ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೊರಡಬೇಕೇ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ (ಪಶುವೈದ್ಯ, ದಾವಣಗೆರೆ)

ನಮಸ್ಕಾರ. ಮೊದಲಿಗೆ, ದಾರವನ್ನೂ ಕಟ್ಟಬೇಡಿ, ಸುಡಲೂ ಬೇಡಿ. ಹೊಕ್ಕುಳಿನಲ್ಲಿ ಸೋಂಕು ಇದ್ದರೆ ದಾರವು ಅದನ್ನು ಒಳಗೇ ಕೂಡಿಹಾಕುತ್ತದೆ. ಸುಟ್ಟರೆ ಸತ್ತ ಮಾಂಸ ಉಳಿದು ಅದೇ ಸೋಂಕಿಗೆ ನೆಲೆಯಾಗುತ್ತದೆ.

ನೀವು ಬರೆದಿರುವುದರಲ್ಲಿ ಎರಡು ಸಂಗತಿಗಳಿವೆ, ಅವೆರಡೂ ಒಂದೇ ಕಾಯಿಲೆಯ ಲಕ್ಷಣಗಳೆಂದು ಈಗಲೇ ತೀರ್ಮಾನಿಸುವುದು ಬೇಡ. ಸೋರಿಕೆ ಹುಟ್ಟಿದ ದಿನದಿಂದ ಇದೆ, ತಿಣುಕಾಟ ನಿನ್ನೆ ಶುರುವಾಗಿದೆ.

ಸೋರಿಕೆಯ ವಿಷಯ ಸರಳ. ಗರ್ಭದಲ್ಲಿರುವಾಗ ಮರಿಯ ಮೂತ್ರಕೋಶದ ತುದಿಯಿಂದ ಹೊಕ್ಕುಳಬಳ್ಳಿಯೊಳಗೆ ಯುರೇಕಸ್ ಎಂಬ ಕೊಳವೆ ಹಾದುಹೋಗಿರುತ್ತದೆ, ಅದರ ಮೂಲಕ ಮೂತ್ರ ಮಾಸಿನ ಚೀಲಕ್ಕೆ ಸೇರುತ್ತದೆ. ಹೆರಿಗೆಯಲ್ಲಿ ಬಳ್ಳಿ ತಾನಾಗಿ ಹರಿದಾಗ ಈ ಕೊಳವೆ ಕುಗ್ಗಿ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ನೀವು ಹೇಳಿದಂತೆ ಹುಟ್ಟಿನಿಂದಲೇ ಸೋರುತ್ತದೆ. ಕೆಲವು ಮರಿಗಳಲ್ಲಿ ಹೊಕ್ಕುಳು ಮೊದಲು ಒಣಗಿದ್ದು, ಕೆಲವು ದಿನಗಳ ನಂತರ ಮತ್ತೆ ಒದ್ದೆಯಾಗುತ್ತದೆ. ಅದು ಹುಟ್ಟುದೋಷವಲ್ಲ, ಹೊಕ್ಕುಳಿನ ಸೋಂಕಿನಿಂದಲೋ, ಮರಿ ಬಹಳ ಹೊತ್ತು ಮಲಗಿದಲ್ಲೇ ಇರುವುದರಿಂದಲೋ, ತಿಣುಕುವುದರಿಂದಲೋ ಕೊಳವೆ ಮತ್ತೆ ತೆರೆದುಕೊಂಡಿರುತ್ತದೆ. ಆದ್ದರಿಂದ ಸೋರಿಕೆ ಎಂದು ಶುರುವಾಯಿತು ಎಂಬ ನಿಮ್ಮ ಮಾತು ನನಗೆ ಬಹಳ ಮುಖ್ಯ. ಸೋಂಕಿಲ್ಲದ ಹುಟ್ಟುಸೋರಿಕೆಯಲ್ಲಿ, ಶೇ. 0.5ರ ಕ್ಲೋರ್‌ಹೆಕ್ಸಿಡಿನ್ ದ್ರಾವಣದಲ್ಲಿ ಹೊಕ್ಕುಳನ್ನು ದಿನಕ್ಕೆ ಕೆಲವು ಬಾರಿ ಅದ್ದಿ, ವೈದ್ಯರು ಹೇಳಿದ ಆಂಟಿಬಯೋಟಿಕ್ ಕೊಟ್ಟು, ಸುಮಾರು ಒಂದು ವಾರ ಕಾಯಬಹುದು. ಗಾಢ ಟಿಂಚರ್ ಅಯೋಡಿನ್ ಹಚ್ಚಿದರೆ ಚರ್ಮವೇ ಸುಡುತ್ತದೆ.

ನನಗೆ ಹೆಚ್ಚು ಚಿಂತೆ ತಂದಿರುವುದು ತಿಣುಕಾಟ. ಹುಟ್ಟಿದ ಒಂದರಿಂದ ಮೂರು ದಿನದೊಳಗಿನ ಗಂಡು ಮರಿ ತಿಣುಕಿದರೆ, ಮೂತ್ರಕೋಶ ಒಡೆದು ಮೂತ್ರ ಹೊಟ್ಟೆಯೊಳಗೆ ಸೋರುತ್ತಿರಬಹುದೇ ಎಂದು ನೋಡಲೇಬೇಕು. ಹೆರಿಗೆಯ ಒತ್ತಡಕ್ಕೆ ತುಂಬಿದ ಮೂತ್ರಕೋಶ ಹರಿಯುವುದುಂಟು. ಗೋಡೆಯೇ ಸರಿಯಾಗಿ ಕೂಡಿಕೊಳ್ಳದೆ ಹುಟ್ಟುವ ಮರಿಗಳೂ ಉಂಟು. ಗಂಡು ಮರಿಯ ಮೂತ್ರದ ದಾರಿ ಉದ್ದವಾಗಿ, ಕಿರಿದಾಗಿ ಇರುವುದರಿಂದ ಇದು ಅವುಗಳಲ್ಲೇ ಹೆಚ್ಚು. "ಮೂತ್ರ ಧಾರೆಯಾಗಿ ಬರುತ್ತಿದೆಯಲ್ಲ, ಹಾಗಾದರೆ ಮೂತ್ರಕೋಶ ಸರಿಯಿದೆ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಹರಿದ ಜಾಗ ಚಿಕ್ಕದಾಗಿದ್ದರೆ ಮರಿ ಸ್ವಲ್ಪ ಸ್ವಲ್ಪ ಮೂತ್ರ ಮಾಡುತ್ತಲೇ ಇರುತ್ತದೆ, ಉಳಿದದ್ದು ಹೊಟ್ಟೆಗೆ ಹೋಗುತ್ತಿರುತ್ತದೆ. ಕ್ಯಾಥೆಟರ್ (ಮೂತ್ರ ತೆಗೆಯುವ ಕೊಳವೆ) ಹಾಕಿದಾಗ ಮೂತ್ರ ಬಂತು ಎಂಬುದೂ ಇದೇ ಕಾರಣಕ್ಕೆ ಸಾಕ್ಷಿಯಾಗುವುದಿಲ್ಲ.

ಈ ವಯಸ್ಸಿನಲ್ಲಿ ತಿಣುಕಾಟಕ್ಕೆ ಇನ್ನೂ ಸಾಮಾನ್ಯವಾದ ಕಾರಣ, ಮೊದಲ ಕಪ್ಪು ಲದ್ದಿ ಒಳಗೆ ಕಟ್ಟಿಕೊಂಡಿರುವುದು. ಎರಡನ್ನೂ ಬೇರ್ಪಡಿಸಲು ಮರಿಯ ನಿಲುವನ್ನು ಪಕ್ಕದಿಂದ ನೋಡಿ. ಮೂತ್ರಕ್ಕೆ ತಿಣುಕುವ ಮರಿ ಹಿಂಗಾಲುಗಳನ್ನು ಹಿಂದಕ್ಕೆ ಚಾಚಿ, ಬೆನ್ನನ್ನು ಕೆಳಕ್ಕೆ ತಗ್ಗಿಸಿ ನಿಲ್ಲುತ್ತದೆ. ಲದ್ದಿಗೆ ತಿಣುಕುವ ಮರಿ ಬೆನ್ನನ್ನು ಮೇಲಕ್ಕೆ ಬಾಗಿಸಿ, ಕಾಲುಗಳನ್ನು ಹೊಟ್ಟೆಯಡಿಗೆ ತಂದುಕೊಳ್ಳುತ್ತದೆ. ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಂಡರೆ ನಿಮ್ಮ ವೈದ್ಯರಿಗೂ ತೋರಿಸಬಹುದು.

ಮಧ್ಯಾಹ್ನ ಅವರು ಬಂದಾಗ ರಕ್ತ ತೆಗೆಸಿ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್, ಕ್ರಿಯಾಟಿನಿನ್ (ಮೂತ್ರದಲ್ಲಿ ಹೊರಹೋಗುವ ರಕ್ತದ ಕಶ್ಮಲ) ಪರೀಕ್ಷೆಗೆ ಕಳಿಸಿ. ಇದಕ್ಕೆ ಪ್ರಾಣಿಗಳ ಲ್ಯಾಬೇ ಬೇಕೆಂದಿಲ್ಲ, ಚಿತ್ರದುರ್ಗದಲ್ಲೋ ದಾವಣಗೆರೆಯಲ್ಲೋ ಮನುಷ್ಯರ ರಕ್ತ ಪರೀಕ್ಷಿಸುವ ಲ್ಯಾಬಿನಲ್ಲೇ ಇವನ್ನೆಲ್ಲ ಮಾಡುತ್ತಾರೆ. ಮಾದರಿಯನ್ನು ಐಸ್ ಡಬ್ಬಿಯಲ್ಲಿಟ್ಟು, ಕುಲುಕಾಡದಂತೆ ಬೇಗ ತಲುಪಿಸಿ. ಬಿಸಿಲಿನಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟು ಒಯ್ದರೆ ಕೆಂಪು ಕಣಗಳು ಒಡೆದು ಪೊಟ್ಯಾಸಿಯಂ ನಿಜಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಮರಿ ಕುಡಿಯುವ ಹಾಲಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ; ಹೀಗಾಗಿ ಮೂತ್ರ ಹೊಟ್ಟೆಯಲ್ಲಿ ನಿಂತಾಗ ರಕ್ತದ ಸೋಡಿಯಂ, ಕ್ಲೋರೈಡ್ ಇಳಿದು ಪೊಟ್ಯಾಸಿಯಂ, ಕ್ರಿಯಾಟಿನಿನ್ ಏರುತ್ತವೆ. ಇದರ ಜೊತೆಗೆ ಹೊಟ್ಟೆಯ ಸ್ಕ್ಯಾನಿಂಗ್ ಆಗಬೇಕು. ಒಳಗೆ ನೀರು ಕಂಡರೆ ಸೂಜಿಯಿಂದ ಸ್ವಲ್ಪ ತೆಗೆದು, ಅದರ ಕ್ರಿಯಾಟಿನಿನ್ ರಕ್ತದಲ್ಲಿರುವುದಕ್ಕಿಂತ ಎರಡು ಪಟ್ಟು ಅಥವಾ ಹೆಚ್ಚಿದೆಯೇ ಎಂದು ನೋಡುತ್ತಾರೆ. ಇದ್ದರೆ ಅದು ಮೂತ್ರವೇ. ಯೂರಿಯಾ ಅಳೆದು ಹೋಲಿಸುವವರಿದ್ದಾರೆ, ಆದರೆ ಯೂರಿಯಾದ ಕಣ ಚಿಕ್ಕದು, ಬೇಗನೆ ಎರಡೂ ಕಡೆ ಸಮನಾಗಿಬಿಡುವುದರಿಂದ ಅದನ್ನು ನಂಬಲಾಗದು.

ಒಂದು ವೇಳೆ ಒಡೆದಿರುವುದು ಖಚಿತವಾದರೂ ಆ ಕ್ಷಣವೇ ಆಪರೇಷನ್‌ಗೆ ಓಡುವುದು ಸರಿಯಲ್ಲ. ಪೊಟ್ಯಾಸಿಯಂ ಏರಿರುವ ಮರಿಗೆ ಅರಿವಳಿಕೆ ಕೊಟ್ಟರೆ ಹೃದಯ ಲಯ ತಪ್ಪಿ ನಿಂತುಹೋಗಬಹುದು. ಮೊದಲು ನಾರ್ಮಲ್ ಸಲೈನ್, ಡೆಕ್ಸ್‌ಟ್ರೋಸ್ ಕೊಟ್ಟು, ಅಗತ್ಯವಿದ್ದರೆ ಕ್ಯಾಲ್ಸಿಯಂ ಸೇರಿಸಿ, ಹೊಟ್ಟೆಯ ಮೂತ್ರವನ್ನು ನಿಧಾನವಾಗಿ ಇಳಿಸಿ, ಪೊಟ್ಯಾಸಿಯಂ 5.5ಕ್ಕಿಂತ ಕೆಳಗೆ ಬಂದ ಮೇಲೆ ಶಸ್ತ್ರಚಿಕಿತ್ಸೆ. ಈ ಮೊದಲ ಭಾಗವನ್ನು ನಿಮ್ಮ ತಾಲ್ಲೂಕಿನ ವೈದ್ಯರೇ ಮಾಡಬಲ್ಲರು.

ಉತ್ತರ (ಹರಿಹರದಿಂದ, ಹಿಂದೆ ಸ್ಟಡ್ ಫಾರ್ಮ್ ಲಾಯದಲ್ಲಿ ಕೆಲಸ ಮಾಡಿದವನು)

ಡಾಕ್ಟರು ಹೇಳಿದ್ದಕ್ಕೆ ಲಾಯದ ಅನುಭವದಿಂದ ಒಂದೆರಡು ಮಾತು ಸೇರಿಸುತ್ತೇನೆ. ಗಂಡು ಮರಿ ಹುಟ್ಟಿದ ಮೇಲೆ ಸಾಮಾನ್ಯವಾಗಿ ಆರು ಗಂಟೆಯ ಆಸುಪಾಸಿನಲ್ಲಿ ಮೊದಲ ಮೂತ್ರ ಮಾಡುತ್ತದೆ, ಹೆಣ್ಣು ಮರಿ ಹತ್ತು ಗಂಟೆಯ ಹೊತ್ತಿಗೆ. ಮೊದಲ ಮೂತ್ರ ಗಾಢವಾಗಿದ್ದರೂ ಹಾಲು ಕುಡಿಯಲು ಶುರು ಮಾಡಿದ ಮೇಲೆ ನೀರಿನಂತೆ ತೆಳ್ಳಗಾಗಬೇಕು, ಏಕೆಂದರೆ ಮರಿ ದಿನಕ್ಕೆ ತನ್ನ ತೂಕದ ಕಾಲುಭಾಗದಷ್ಟು ಹಾಲನ್ನೇ ಕುಡಿಯುತ್ತದೆ. ಹಾಲು ಚೆನ್ನಾಗಿ ಕುಡಿಯುವ ಎರಡು ಮೂರು ದಿನದ ಮರಿಯ ಮೂತ್ರ ಹಳದಿಗಟ್ಟಿದ್ದರೆ ನಾವು ಕೂಡಲೇ ಡಾಕ್ಟರಿಗೆ ಹೇಳುತ್ತಿದ್ದೆವು. ಚೊಚ್ಚಲ ಮರಿ ಕಂಡ ಮಾಲೀಕರನ್ನು ಹೆದರಿಸುವ ಇನ್ನೊಂದು ವಿಷಯವೆಂದರೆ, ಎಳೆಯ ಗಂಡು ಮರಿ ಶಿಶ್ನವನ್ನು ಹೊರಚಾಚದೆ ಚರ್ಮದ ಚೀಲದೊಳಗಿಂದಲೇ ಮೂತ್ರ ಬಿಡುವುದು. ಒಳಪದರ ಅಂಟಿಕೊಂಡಿರುವುದರಿಂದ ಹಾಗಾಗುತ್ತದೆ, ಬೆಳೆಯುತ್ತಾ ಬಿಟ್ಟುಕೊಳ್ಳುತ್ತದೆ. ಕೈ ಹಾಕಿ ಎಳೆಯಬಾರದು.

ಕೆಚ್ಚಲು ಬಿಗಿದಿರುವುದು ಮತ್ತು ಹಣೆಯ ಮೇಲೆ ಹಾಲು ಚಿಮ್ಮಿರುವುದನ್ನು ನೀವು ಗಮನಿಸಿದ್ದು ಒಳ್ಳೆಯದಾಯಿತು. ಮರಿ ಕೆಚ್ಚಲ ಕೆಳಗೆ ಸುಮ್ಮನೆ ನಿಂತಿದೆ, ಹಾಲು ತಾನಾಗಿ ಸುರಿಯುತ್ತಿದೆ ಎಂಬುದು ಅದರ ಅರ್ಥ. ಲಾಯದಲ್ಲಿ ಥರ್ಮಾಮೀಟರಿಗಿಂತ ಮೊದಲು ನಾವು ನೋಡುತ್ತಿದ್ದುದು ಅದನ್ನೇ.

ಪ್ರಶ್ನೆ (ಚಳ್ಳಕೆರೆಯಿಂದ, ಇದೇ ವಿಷಯಕ್ಕೆ ಸಂಬಂಧಿಸಿದಂತೆ)

ನಡುವೆ ಬಂದುದಕ್ಕೆ ಕ್ಷಮೆಯಿರಲಿ. ನಮ್ಮಲ್ಲಿ ಐದು ತಿಂಗಳ ಹೆಣ್ಣು ಮರಿಯಿದೆ. ಅದಕ್ಕೆ ಹೊಕ್ಕುಳಿನ ತೊಂದರೆ ಇಲ್ಲ, ಆಟವಾಡುತ್ತದೆ, ಮೇಯುತ್ತದೆ, ಸರಿಯಾಗಿಯೇ ಮೂತ್ರ ಮಾಡುತ್ತದೆ. ಆದರೆ ನಡುನಡುವೆ ಯಾವಾಗಲೂ ಮೂತ್ರ ಜಿನುಗುತ್ತಿದ್ದು, ತೊಡೆಯ ಒಳಭಾಗದ ಕೂದಲು ಉದುರಿ ಚರ್ಮ ಕೆಂಪಗೆ ಬೆಂದಂತಾಗಿದೆ. ಹುಟ್ಟಿದಾಗಿನಿಂದ ಹೀಗೆಯೇ ಇದೆ. ಕುರಿ ಮಂದೆಯ ಜೊತೆ ಸಾಮಾನು ಹೊರಲು ಬೆಳೆಸುತ್ತಿರುವ ತಟ್ಟು ಇದು. ಸೋಂಕೆಂದು ಹಲವು ಬಾರಿ ಇಂಜೆಕ್ಷನ್ ಕೊಡಿಸಿಯಾಯಿತು, ಕಡಿಮೆಯಾಗಿಲ್ಲ.

ಮರುಬರಹ (ಹೊಳಲ್ಕೆರೆಯಿಂದ, ಎರಡು ದಿನಗಳ ನಂತರ)

ತಮ್ಮೆಲ್ಲರ ಉತ್ತರಗಳಿಗೆ ಧನ್ಯವಾದಗಳು. ವಿಡಿಯೋದಲ್ಲಿ ನೋಡಿದಾಗ ಮರಿ ಬೆನ್ನು ಮೇಲಕ್ಕೆ ಬಾಗಿಸಿಯೇ ತಿಣುಕುತ್ತಿತ್ತು. ನಮ್ಮ ಡಾಕ್ಟರು ಬೆರಳಿಗೆ ಜಿಡ್ಡು ಹಚ್ಚಿ ಪರೀಕ್ಷಿಸಿ ಎನಿಮಾ ಕೊಟ್ಟರು. ಗಟ್ಟಿಯಾದ ಕಪ್ಪು ಉಂಡೆಗಳು ಬಿದ್ದು, ಸಂಜೆಯ ಹೊತ್ತಿಗೆ ಹಳದಿ ಬಣ್ಣದ ಮೆತ್ತನೆಯ ಲದ್ದಿ ಬಂದಿತು. ಆಮೇಲೆ ತಿಣುಕಾಟ ನಿಂತಿದೆ, ಕೆಚ್ಚಲು ಖಾಲಿಯಾಗುತ್ತಿದೆ.

ಆದರೂ ತಾವು ಹೇಳಿದ ರಕ್ತಪರೀಕ್ಷೆಯನ್ನು ಮಾಡಿಸಿದೆವು. ಮೂರನೇ ದಿನದ ವರದಿಯಲ್ಲಿ ಸೋಡಿಯಂ 138, ಪೊಟ್ಯಾಸಿಯಂ 4.4, ಕ್ರಿಯಾಟಿನಿನ್ 3.4 ಎಂದಿದೆ, ಲ್ಯಾಬಿನವರು ಕ್ರಿಯಾಟಿನಿನ್ ಮುಂದೆ ದಪ್ಪಕ್ಷರದಲ್ಲಿ ಹೆಚ್ಚು ಎಂದು ಗುರುತು ಹಾಕಿದ್ದರಿಂದ ಮನೆಯವರೆಲ್ಲ ಕಿಡ್ನಿ ಹೋಗಿದೆಯೆಂದು ಗಾಬರಿಗೊಂಡರು. ಮರುದಿನ ಮತ್ತೆ ಮಾಡಿಸಿದಾಗ 1.9 ಬಂದಿದೆ. ದಾವಣಗೆರೆಯಲ್ಲಿ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಹೊಟ್ಟೆಯೊಳಗೆ ನೀರಿಲ್ಲ, ಮೂತ್ರಕೋಶ ದುಂಡಗಿದೆ, ಎರಡು ಮೂತ್ರಪಿಂಡಗಳೂ ಕಾಣುತ್ತವೆ ಎಂದರು. ಹೊಕ್ಕುಳಿನ ರಕ್ತನಾಳಗಳ ಅಳತೆಯಲ್ಲಿ ಅಭಿಧಮನಿ 0.8 ಸೆಂ.ಮೀ., ಅಪಧಮನಿಗಳು ತಲಾ 1 ಸೆಂ.ಮೀ., ಯುರೇಕಸ್ ಮತ್ತು ಎರಡೂ ಅಪಧಮನಿಗಳು ಸೇರಿ 2.2 ಸೆಂ.ಮೀ. ಎಂದು ಬರೆದಿದ್ದಾರೆ. ಹೊಕ್ಕುಳು ಮಾತ್ರ ಇನ್ನೂ ಸ್ವಲ್ಪ ತೊಟ್ಟಿಕ್ಕುತ್ತಿದೆ. ಕ್ರಿಯಾಟಿನಿನ್ ಏರಿದ್ದು ಏಕೆ?

ಉತ್ತರ (ಪಶುವೈದ್ಯ, ದಾವಣಗೆರೆ)

ವರದಿಗಳು ಸಮಾಧಾನ ತರುವಂತಿವೆ. ಸೋಡಿಯಂ ಇಳಿದಿಲ್ಲ, ಪೊಟ್ಯಾಸಿಯಂ ಏರಿಲ್ಲ, ಹೊಟ್ಟೆಯಲ್ಲಿ ನೀರಿಲ್ಲ. ಈ ಮೂರೂ ಸೇರಿದಾಗ ಮೂತ್ರಕೋಶ ಒಡೆದಿರುವ ಶಂಕೆಯನ್ನು ಸದ್ಯಕ್ಕೆ ಬಿಡಬಹುದು. ಆದರೂ ಹೊಕ್ಕುಳಿನ ಸುತ್ತ ಚರ್ಮದಡಿ ಮೆತ್ತನೆಯ ಊತ ಬಂದರೆ ತಡಮಾಡದೆ ತೋರಿಸಿ, ಏಕೆಂದರೆ ಯುರೇಕಸ್ ಒಳಭಾಗದಲ್ಲಿ ಸೀಳಿದಾಗ ಮೂತ್ರ ಚರ್ಮದಡಿಗೆ ಹರಡುವುದುಂಟು.

ಕ್ರಿಯಾಟಿನಿನ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಲ್ಯಾಬಿನ ಕಾಗದದಲ್ಲಿ ಅಚ್ಚಾಗಿರುವ ಮಿತಿ ವಯಸ್ಕ ಮನುಷ್ಯರದ್ದು, ಮೂರು ದಿನದ ಮರಿಗೆ ಅದು ಅನ್ವಯಿಸುವುದಿಲ್ಲ. ಅದನ್ನು ಬದಿಗಿಟ್ಟರೂ 3.4 ಹೆಚ್ಚೇ, ಆದರೆ ಅದು ಮರಿಯ ಮೂತ್ರಪಿಂಡದ ತಪ್ಪಾಗಿರಬೇಕೆಂದಿಲ್ಲ. ಗರ್ಭದಲ್ಲಿ ಮರಿಯ ರಕ್ತದ ಕಶ್ಮಲವನ್ನು ತೆಗೆಯುವುದು ಮಾಸಿನ ಕೆಲಸ. ಮಾಸು ಸರಿಯಾಗಿ ಕೆಲಸ ಮಾಡದಿದ್ದರೆ ಮರಿ ಹೆಚ್ಚಿನ ಕ್ರಿಯಾಟಿನಿನ್ ಹೊತ್ತುಕೊಂಡೇ ಹುಟ್ಟುತ್ತದೆ. ಮೂತ್ರಪಿಂಡಗಳು ಆರೋಗ್ಯವಾಗಿದ್ದರೆ ಅದು ದಿನದಿಂದ ದಿನಕ್ಕೆ ಬೇಗ ಇಳಿಯುತ್ತದೆ, ಇಲ್ಲವಾದರೆ ನಿಂತಲ್ಲೇ ನಿಲ್ಲುತ್ತದೆ ಅಥವಾ ಏರುತ್ತದೆ. ಹುಟ್ಟಿನಿಂದಲೇ ಮೂತ್ರಪಿಂಡ ಬೆಳೆಯದಿರುವುದು, ಚಿಕ್ಕದಾಗಿರುವುದು, ನೀರುಗುಳ್ಳೆಗಳಿಂದ ತುಂಬಿರುವುದು ಇವೆಲ್ಲ ಅಪರೂಪದ ದೋಷಗಳು. ಅಂಥ ಮರಿಗಳಲ್ಲಿ ಈ ಇಳಿಕೆ ಕಾಣುವುದಿಲ್ಲ, ಬೆಳವಣಿಗೆಯೂ ಕುಂಠಿತವಾಗುತ್ತದೆ. ಆದ್ದರಿಂದ ಒಂದೇ ವರದಿ ಇಟ್ಟುಕೊಂಡು ಮರಿಗೆ ಕಿಡ್ನಿ ದೋಷವೆಂದು ಹಣೆಪಟ್ಟಿ ಹಚ್ಚುವುದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಮರಿಯದು ಒಂದೇ ದಿನದಲ್ಲಿ 3.4ರಿಂದ 1.9ಕ್ಕೆ ಇಳಿದಿದೆ. ಮಾಸು ದಪ್ಪಗಿತ್ತೇ, ಬಣ್ಣ ಬೇರೆಯಿತ್ತೇ, ಹೆರಿಗೆಗೆ ಮುಂಚೆಯೇ ತಾಯಿಯ ಕೆಚ್ಚಲಿನಿಂದ ಹಾಲು ಸೋರುತ್ತಿತ್ತೇ ಎಂದು ನೆನಪಿಸಿಕೊಂಡು ನಿಮ್ಮ ವೈದ್ಯರಿಗೆ ತಿಳಿಸಿ.

ಕ್ರಿಯಾಟಿನಿನ್ ಪೂರ್ತಿ ಇಳಿಯುವವರೆಗೆ ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಆಂಟಿಬಯೋಟಿಕ್‌ಗಳನ್ನೂ ನೋವುನಿವಾರಕಗಳನ್ನೂ ಲೆಕ್ಕವಿಟ್ಟು ಕೊಡಬೇಕು, ಇವು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು. ಬಾಗಿದ ಕಾಲು ನೆಟ್ಟಗಾಗಲೆಂದು ಎಳೆಯ ಮರಿಗೆ ಆಕ್ಸಿಟೆಟ್ರಾಸೈಕ್ಲಿನ್ ದೊಡ್ಡ ಪ್ರಮಾಣದಲ್ಲಿ ಕೊಡುವ ರೂಢಿಯೂ ಇದೆ. ಈ ಮರಿಗೆ ಸದ್ಯ ಅದು ಬೇಡ.

ಹೊಕ್ಕುಳಿನ ಅಳತೆಗಳು ಮಿತಿಯೊಳಗಿವೆ. ಅಭಿಧಮನಿ 1 ಸೆಂ.ಮೀ.ಗಿಂತ, ಅಪಧಮನಿ 1.3 ಸೆಂ.ಮೀ.ಗಿಂತ, ಯುರೇಕಸ್ ಸೇರಿದ ಒಟ್ಟು ಅಳತೆ 2.5 ಸೆಂ.ಮೀ.ಗಿಂತ ದಪ್ಪವಾದರೆ ಸೋಂಕನ್ನು ಶಂಕಿಸುತ್ತೇವೆ. ಹೊರಗಿನಿಂದ ಹೊಕ್ಕುಳು ಚೆನ್ನಾಗಿ ಕಂಡರೂ ಒಳಗೆ ಕೀವು ಇರಬಹುದು, ಅದಕ್ಕೇ ವಾರದೊಳಗೆ ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿ. ಪ್ರತಿದಿನ ಜ್ವರ ನೋಡಿ, ಮೊಣಕಾಲು ಮತ್ತು ಹಿಂಗಾಲಿನ ಕೀಲುಗಳನ್ನು ಕೈಯಿಂದ ಮುಟ್ಟಿ ನೋಡಿ. ಹೊಕ್ಕುಳಿನ ಸೋಂಕು ಮೊದಲು ಕೀಲು ಬಾವಾಗಿಯೇ ಕಾಣಿಸಿಕೊಳ್ಳಬಹುದು. ಗಿಣ್ಣಿನ ರಕ್ಷಣೆ ರಕ್ತಕ್ಕೆ ಎಷ್ಟು ಸೇರಿದೆ ಎಂದು ತಿಳಿಯಲು ಐಜಿಜಿ ಪರೀಕ್ಷೆ ಸಿಕ್ಕರೆ ಮಾಡಿಸಿ. ಡೆಸಿಲೀಟರಿಗೆ 800 ಮಿ.ಗ್ರಾಂ.ಗಿಂತ ಹೆಚ್ಚಿದ್ದರೆ ಚಿಂತೆಯಿಲ್ಲ. ವಾರ ಕಳೆದರೂ ಸೋರಿಕೆ ನಿಲ್ಲದಿದ್ದರೆ, ಅಥವಾ ಅದಕ್ಕೆ ಮೊದಲೇ ಸೋಂಕು ಕಂಡರೆ, ಹೊಕ್ಕುಳಿನ ಉಳಿಕೆಯನ್ನೂ ಮೂತ್ರಕೋಶದ ತುದಿಯನ್ನೂ ಸೇರಿಸಿ ಕತ್ತರಿಸಿ ಹೊಲಿಯುವ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯ ನಿಮಗೆ ಹತ್ತಿರ, ಬೆಂಗಳೂರಿನ ಹೆಬ್ಬಾಳದ್ದು ದೂರ. ಎಲ್ಲಿಗೆ ಹೋಗುವುದಿದ್ದರೂ ಮೊದಲು ಫೋನ್ ಮಾಡಿ ಕೇಳಿ, ಹೊರಡುವಾಗ ತಾಯಿಯನ್ನು ಜೊತೆಗೇ ಕರೆದೊಯ್ಯಿರಿ.

ಚಳ್ಳಕೆರೆಯವರಿಗೆ: ನಿಮ್ಮ ಮರಿಯ ಕಥೆ ಬೇರೆ. ಹುಟ್ಟಿನಿಂದ ಸದಾ ಜಿನುಗುವುದು, ಜೊತೆಗೆ ಧಾರೆಯಾಗಿಯೂ ಮೂತ್ರ ಮಾಡುವುದು, ಹೆಣ್ಣು ಮರಿ ಎಂಬ ಮೂರನ್ನೂ ಸೇರಿಸಿದರೆ, ಒಂದು ಮೂತ್ರನಾಳ (ಮೂತ್ರಪಿಂಡದಿಂದ ಮೂತ್ರ ತರುವ ನಾಳ) ಮೂತ್ರಕೋಶಕ್ಕೆ ಸೇರದೆ ಅದನ್ನು ದಾಟಿ ಹೊರದಾರಿಗೆ ತೆರೆದುಕೊಂಡಿರಬಹುದು ಎಂದು ಶಂಕಿಸಬೇಕು. ಇನ್ನೊಂದು ಬದಿಯ ನಾಳ ಸರಿಯಿರುವುದರಿಂದ ಮೂತ್ರಕೋಶ ತುಂಬುತ್ತದೆ, ಮರಿ ಎಂದಿನಂತೆ ಮೂತ್ರ ಮಾಡುತ್ತದೆ. ತಪ್ಪು ಜಾಗಕ್ಕೆ ಬಂದಿರುವ ನಾಳ ಮಾತ್ರ ಬಿಡುವಿಲ್ಲದೆ ಸೋರುತ್ತದೆ. ಇಂಜೆಕ್ಷನ್‌ಗೆ ಇದು ಬಗ್ಗುವುದಿಲ್ಲ. ಮೊದಲು ಬಾಲದ ಬಿಗಿ ಮತ್ತು ಗುದದ ಬಿಗಿಯನ್ನು ಪರೀಕ್ಷಿಸಿ ನರದ ದೌರ್ಬಲ್ಯ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು; ನರದ ತೊಂದರೆಯಲ್ಲಿ ಮೂತ್ರಕೋಶ ಬಿಗಿದು ತುಂಬಿ, ಓಡಾಡುವಾಗ ಚೆಲ್ಲುತ್ತದೆ. ಆಮೇಲೆ ಸ್ಕ್ಯಾನಿಂಗ್‌ನಲ್ಲಿ ಯಾವುದಾದರೂ ಮೂತ್ರಪಿಂಡ ಊದಿಕೊಂಡಿದೆಯೇ, ನಾಳ ಹಿಗ್ಗಿದೆಯೇ ಎಂದು ನೋಡಬೇಕು. ಕೊನೆಯ ಮಾತು ಎಂಡೋಸ್ಕೋಪಿಯದು. ಹೆಣ್ಣು ಮರಿಯ ಮೂತ್ರದ ದಾರಿ ಗಿಡ್ಡ, ಅಗಲ, ಆದ್ದರಿಂದ ದುರ್ಬೀನು ಸುಲಭವಾಗಿ ಹೋಗುತ್ತದೆ. ಮೂತ್ರಕೋಶದೊಳಗೆ ಎರಡು ಬಾಯಿಗಳಿಂದಲೂ ಮೂತ್ರ ಚಿಮ್ಮುತ್ತಿದೆಯೇ, ಒಂದರಿಂದ ಮಾತ್ರವೇ ಎಂದು ನೋಡುತ್ತಾರೆ. ರಕ್ತನಾಳಕ್ಕೆ ಬಣ್ಣದ ದ್ರಾವಣ ಕೊಟ್ಟರೆ ಬಣ್ಣದ ಮೂತ್ರ ಎಲ್ಲಿಂದ ಹೊರಬೀಳುತ್ತದೆ ಎಂಬುದು ಇನ್ನೂ ಸ್ಪಷ್ಟವಾಗುತ್ತದೆ.

ಒಂದೇ ಬದಿಯ ದೋಷವಾಗಿದ್ದರೆ ಆ ನಾಳವನ್ನು ಮೂತ್ರಕೋಶಕ್ಕೆ ಜೋಡಿಸಬಹುದು. ಆ ಬದಿಯ ಮೂತ್ರಪಿಂಡ ಈಗಾಗಲೇ ಕೆಟ್ಟಿದ್ದು ಇನ್ನೊಂದು ಸರಿಯಿದ್ದರೆ ಕೆಟ್ಟದ್ದನ್ನೇ ತೆಗೆಯುತ್ತಾರೆ. ಎರಡೂ ಬದಿಯಾಗಿದ್ದರೆ ಜೋಡಿಸುವುದೊಂದೇ ದಾರಿ, ಅದು ಕಷ್ಟದ ಕೆಲಸ. ಹೊರಡುವ ಮುನ್ನ ಮೂತ್ರದ ಕಲ್ಚರ್ (ಸೋಂಕಿನ ಜೀವಾಣು ಪತ್ತೆ) ಮತ್ತು ರಕ್ತದ ಕ್ರಿಯಾಟಿನಿನ್ ಮಾಡಿಸಿಕೊಂಡು ಹೋಗಿ, ಅಲ್ಲಿಯವರೆಗೆ ತೊಡೆಯನ್ನು ದಿನವೂ ತೊಳೆದು ಒರೆಸಿ ವ್ಯಾಸಲಿನ್ ಹಚ್ಚುತ್ತಿರಿ.